ಕಥೆ ಗೊತ್ತಿದ್ದೂ ಕೂತು ನೋಡುವವರು

ಸಂಜೆ ಏಳರಿಂದ ರಾತ್ರಿ ಹತ್ತರವರೆಗೆ ನಮ್ಮ ಸಮೇತನಹಳ್ಳಿಯಲ್ಲಿ ಯಾರ ಮನೆಗೆ ಹೋದರೂ ಬಂದ ಕೆಲಸ ಹೇಳಲು ಜಾಹೀರಾತು ಬರುವ ತನಕ ಕಾಯಬೇಕು. ಚಾಪೆ ಹಾಸುತ್ತಾರೆ, ನೀರು ಕೊಡುತ್ತಾರೆ, ಕಣ್ಣನ್ನು ಮಾತ್ರ ಟೀವಿಯಿಂದ ಕೀಳದೆ "ಕೂತ್ಕೋ ಬಾಮ್ಮ, ಇವತ್ತು ಆ ಕಾಗದ ಅವಳ ಕೈಗೆ ಸಿಕ್ತದೆ" ಅನ್ನುತ್ತಾರೆ. ಇದನ್ನು ಊರಲ್ಲಿ ಯಾರೂ ಅನಾದರ ಅಂದುಕೊಳ್ಳುವುದಿಲ್ಲ. ಬಂದವರಿಗೂ ಆ ಕಾಗದದ ಕಥೆ ಗೊತ್ತಿರುತ್ತದೆ. ಅವರೂ ಕೂತು ನೋಡುತ್ತಾರೆ.

ಹೊಸಕೋಟೆ ತಾಲ್ಲೂಕಿನ ನಮ್ಮೂರಿಗೆ ವೈಟ್‌ಫೀಲ್ಡ್ ದೂರವೇನಲ್ಲ. ಬೆಳಿಗ್ಗೆ ಹಸು ಕರೆದು, ಡೇರಿಗೆ ಹಾಲು ಹಾಕಿ, ಮಕ್ಕಳ ಡಬ್ಬಿ ಕಟ್ಟಿ, ಆ ಕಡೆಯ ಕಂಪನಿಗಳ ಹೌಸ್‌ಕೀಪಿಂಗ್ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗಿಬರುವ ಹೆಣ್ಣುಮಕ್ಕಳು ಇಲ್ಲಿ ಬಹಳ. ರಾತ್ರಿ ತಪ್ಪಿಹೋದ ಸಂಚಿಕೆಯನ್ನು ಅವರು ಮಾರನೆಯ ದಿನ ಬಸ್ಸಿನಲ್ಲಿ ಮೊಬೈಲಿನಲ್ಲಿ ನೋಡಿಕೊಳ್ಳುತ್ತಾರೆ. ಕೆಲಸವಿಲ್ಲದವರು ಸೀರಿಯಲ್ ನೋಡುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಕಂಡಂತೆ ಬಿಡದೆ ನೋಡುವವರೆಲ್ಲ ಬೆಳಗಿನಿಂದ ಕೈಗೆ ಬಿಡುವಿಲ್ಲದವರೇ. ನೋಡುವ ಹೊತ್ತಿನಲ್ಲೂ ಅವರ ಕೈ ಸುಮ್ಮನಿರುವುದಿಲ್ಲ. ಅವರೆಕಾಯಿ ಕಾಲ ಬಂದರೆ ಟೀವಿ ಮುಂದೆಯೇ ಕಾಯಿ ಸುಲಿದು, ನೆನೆಸಿದ ಕಾಳು ಹಿತಕಿ, ಬೆಳಗಿನ ಸಾರಿಗೆ ಸಿದ್ಧಮಾಡಿಕೊಳ್ಳುತ್ತಾರೆ. ಕೈ ಅದರ ಪಾಡಿಗೆ ಅದು ಕೆಲಸ ಮಾಡುತ್ತದೆ, ಮನಸ್ಸು ಪಾತ್ರಗಳ ಜೊತೆ ಇರುತ್ತದೆ.

ನಾನೂ ಅವರಲ್ಲಿ ಒಬ್ಬಳು. ಕನ್ನಡ ಧಾರಾವಾಹಿಗಳನ್ನು ಪ್ರೀತಿಯಿಂದ ನೋಡುತ್ತೇನೆ. ಆ ಪ್ರೀತಿಯ ಸಲುಗೆಯಿಂದಲೇ ಅವುಗಳ ಜೊತೆ ಜಗಳವಾಡುತ್ತೇನೆ.

ನಮ್ಮ ಸೀಮೆಯಲ್ಲಿ ಒಂದು ವಿಶೇಷವಿದೆ. ಹೊಸಕೋಟೆ, ಮಾಲೂರು, ಕೋಲಾರದ ಕಡೆ ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ ಆಡುವ ಕುಟುಂಬಗಳು ಸಾಕಷ್ಟಿವೆ. ಅವರ ಮನೆಯಲ್ಲಿ ಎರಡೂ ಭಾಷೆಯ ಧಾರಾವಾಹಿ ಓಡುತ್ತವೆ. 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ 'ಪುಟ್ಟಕ್ಕನ ಮಕ್ಕಳು' ಶುರುವಾದಾಗ ಈ ಮನೆಗಳವರಿಗೆ ಅದರ ಕಥೆ ಹೊಸದಾಗಿರಲಿಲ್ಲ. ತೆಲುಗಿನ 'ರಾಧಮ್ಮ ಕೂತುರು' ಧಾರಾವಾಹಿಯ ಕನ್ನಡ ರೂಪ ಅದು. ಹೆಣ್ಣುಮಕ್ಕಳೇ ಹುಟ್ಟಿದರೆಂದು ಗಂಡ ಬಿಟ್ಟು ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದಾನೆ, ತಾಯಿ ಪುಟ್ಟಕ್ಕ ದುಡಿದು ಮೂವರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಕನ್ನಡದಲ್ಲಿ ಆ ತಾಯಿಯ ಪಾತ್ರ ಉಮಾಶ್ರೀ ಅವರದು. ಮುಂದೇನಾಗುತ್ತದೆಂದು ಅವರಿಗೆ ಮೊದಲೇ ಗೊತ್ತು. ಆದರೂ ಒಂದು ದಿನ ತಪ್ಪದೆ ನೋಡಿದರು. "ಕಥೆಯೆಲ್ಲ ಗೊತ್ತಲ್ಲಕ್ಕಾ, ಇನ್ನೇನು ನೋಡ್ತೀರಿ?" ಎಂದು ಪಕ್ಕದ ಮನೆಯ ಅಕ್ಕನನ್ನು ಕೇಳಿದೆ. "ಕಥೆ ಗೊತ್ತು ಕಣಮ್ಮ. ಉಮಾಶ್ರೀ ಆ ಮಾತು ಹೆಂಗಂತಾಳೆ ಅನ್ನೋದು ಗೊತ್ತಿಲ್ವಲ್ಲ" ಅಂದರು.

ಧಾರಾವಾಹಿ ಬರೆಯುವವರೂ ಮಾಡಿಸುವವರೂ ಈ ಒಂದು ಮಾತನ್ನು ಕೇಳಿಸಿಕೊಂಡಿದ್ದರೆ ಎಷ್ಟೋ ಒಳ್ಳೆಯ ಕಥೆಗಳು ದಾರಿ ತಪ್ಪುತ್ತಿರಲಿಲ್ಲ. ನಾವು ಕೂತು ನೋಡುವುದು ಮುಂದೇನು ಎಂಬ ಕುತೂಹಲಕ್ಕಷ್ಟೇ ಅಲ್ಲ. ನಮಗೆ ಗುರುತಾದ ಒಬ್ಬ ಮನುಷ್ಯ ಕಷ್ಟ ಬಂದಾಗ ಹೇಗೆ ನಿಲ್ಲುತ್ತಾನೆ ಎಂದು ನೋಡಲು ಕೂರುತ್ತೇವೆ. ತಿರುವುಗಳ ಬೆನ್ನು ಹತ್ತಿದ ಧಾರಾವಾಹಿ ಈ ಗುರುತನ್ನೇ ಕಳೆದುಬಿಡುತ್ತದೆ.

ಈ ರುಚಿಯನ್ನು ನಮಗೆ ಟೀವಿ ಕಲಿಸಿದ್ದಲ್ಲ. ಬೆಂಗಳೂರು ಗ್ರಾಮಾಂತರ, ತುಮಕೂರು, ಕೋಲಾರದ ಹಳ್ಳಿಗಳಲ್ಲಿ ಜಾತ್ರೆ, ಊರಹಬ್ಬ ಬಂದರೆ 'ಕುರುಕ್ಷೇತ್ರ' ನಾಟಕ ಆಗಬೇಕು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಬಂದು ತಾಲೀಮು ಕೊಡುತ್ತಾರೆ. ಸೀನರಿ, ಕಿರೀಟ, ಗದೆ ಬಾಡಿಗೆಗೆ ಬರುತ್ತವೆ. ದ್ರೌಪದಿ, ಕುಂತಿಯ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಹಗಲು ಹೊಲದಲ್ಲಿ ದುಡಿದವನು ರಾತ್ರಿ ದುರ್ಯೋಧನನ ಪಾರ್ಟು ಮಾಡುತ್ತಾನೆ. ಮಹಾಭಾರತದ ಕಥೆ ಗೊತ್ತಿಲ್ಲದವರು ಆ ಸಭೆಯಲ್ಲಿ ಒಬ್ಬರೂ ಇರುವುದಿಲ್ಲ. ಆದರೂ ಬೆಳಗಿನ ಜಾವದ ಚಳಿಗೆ ಕಂಬಳಿ ಹೊದ್ದು ಊರೇ ಕೂತಿರುತ್ತದೆ.

ಆ ನಾಟಕದಲ್ಲಿ ಇನ್ನೊಂದು ಪದ್ಧತಿಯಿದೆ. ಬಣ್ಣ ಹಚ್ಚಬೇಕೆನ್ನುವವರು ಹೆಚ್ಚು, ದೊಡ್ಡ ಪಾರ್ಟುಗಳು ಕಡಿಮೆ. ಹಾಗಾಗಿ ಒಂದೊಂದು ಪಾರ್ಟನ್ನೂ ಇಬ್ಬರು ಮೂವರಿಗೆ ಹಂಚುತ್ತಾರೆ. ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಕರಪತ್ರದಲ್ಲೇ ಅಚ್ಚು ಹಾಕಿಸಿರುತ್ತಾರೆ. ಸಂಧಾನಕ್ಕೆ ಹೊರಟ ಕೃಷ್ಣ ತೆಳ್ಳಗೆ ಎತ್ತರಕ್ಕಿದ್ದರೆ, ಯುದ್ಧಭೂಮಿಯಲ್ಲಿ ಅರ್ಜುನನಿಗೆ ಬುದ್ಧಿ ಹೇಳುವ ಕೃಷ್ಣ ಗುಂಡಗೆ ಕುಳ್ಳಗಿರುತ್ತಾನೆ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ನವಿಲುಗರಿ, ಕೊಳಲು, ಆ ಮಂದಹಾಸ, ಆ ಧಾಟಿ ಇದ್ದರೆ ಅವನು ಕೃಷ್ಣನೇ. ಆದರೆ ಎರಡನೆಯವನು ಅರ್ಜುನನ ಮುಂದೆ ದರ್ಪದಿಂದ ಎದೆಯುಬ್ಬಿಸಿ ನಿಂತನೋ, ಹಿಂದಿನಿಂದ ಯಾರೋ ಹಿರಿಯರು "ಅದು ದುರ್ಯೋಧನ ನಿಲ್ಲೋ ರೀತಿ ಕಣಪ್ಪಾ" ಎಂದು ಕೂಗಿಯೇಬಿಡುತ್ತಾರೆ. ಮುಖ ಬದಲಾಗಬಹುದು, ಸ್ವಭಾವ ಬದಲಾಗಬಾರದು. ನಮ್ಮ ಹಳ್ಳಿಯ ಪ್ರೇಕ್ಷಕರು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ವಿಮರ್ಶೆಯ ನಿಯಮ ಇದು.

ಟೀವಿಯವರು ಈ ನಿಯಮವನ್ನು ತಲೆಕೆಳಗು ಮಾಡಿದರು. ಅವರಿಗೆ ಮುಖ ಬದಲಾಗುವುದೇ ದೊಡ್ಡ ಭಯ, ಸ್ವಭಾವ ಬದಲಾದರೆ ಚಿಂತೆಯಿಲ್ಲ. 2019ರಲ್ಲಿ ಜೀ ಕನ್ನಡದಲ್ಲಿ ಆರೂರು ಜಗದೀಶ್ ನಿರ್ದೇಶನದ 'ಜೊತೆ ಜೊತೆಯಲಿ' ಶುರುವಾಯಿತು. ಮರಾಠಿಯ 'ತುಲಾ ಪಾಹತೇ ರೇ' ಅದರ ಮೂಲ. ನಡುವಯಸ್ಸಿನ ಉದ್ಯಮಿ ಆರ್ಯವರ್ಧನ್ ಆಗಿ ಅನಿರುದ್ಧ, ಬಡ ಮನೆಯ ಹುಡುಗಿ ಅನು ಸಿರಿಮನೆಯಾಗಿ ಮೇಘಾ ಶೆಟ್ಟಿ ಬಂದರು. ಆ ಜೋಡಿಯನ್ನು ಜನ ಎಷ್ಟು ಹಚ್ಚಿಕೊಂಡರೆಂದರೆ ನಮ್ಮಲ್ಲಿ ಗಂಡಸರು ಆರ್ಯವರ್ಧನನ ಹಾಗೆ ನರೆತ ಕೂದಲನ್ನು ಮುಚ್ಚದೆ ಓಡಾಡಲು ಶುರುಮಾಡಿದರು. 2022ರಲ್ಲಿ ಅನಿರುದ್ಧ ಆ ಧಾರಾವಾಹಿಯಿಂದ ಹೊರಬಂದರು, ಹರೀಶ್ ರಾಜ್ ಒಳಬಂದರು. ಹರೀಶ್ ರಾಜ್ ನುರಿತ ನಟ. ಇನ್ನು ಮುಂದೆ ಈ ಪಾತ್ರದಲ್ಲಿ ಇವರು ಎಂದು ಪರದೆಯ ಮೇಲೆ ಒಂದು ಸಾಲು ಬರೆದಿದ್ದರೆ ಎರಡು ದಿನದಲ್ಲಿ ನಾವು ಒಪ್ಪಿಕೊಳ್ಳುತ್ತಿದ್ದೆವು. ಅದರ ಬದಲು ಅಪಘಾತ ತಂದರು, ಮುಖದ ಶಸ್ತ್ರಚಿಕಿತ್ಸೆ ತಂದರು, ಇನ್ನೊಬ್ಬರ ಗುರುತು ತಂದರು. ಒಂದು ಮುಖವನ್ನು ಸಮರ್ಥಿಸಲು ಹೋಗಿ ಇಡೀ ಕಥೆಯ ಸಹಜತೆಯನ್ನೇ ಬಲಿಕೊಟ್ಟರು. ಒಂದೇ ರಾತ್ರಿಯಲ್ಲಿ ಇಬ್ಬರು ಕೃಷ್ಣರನ್ನು ಕೈಮುಗಿದು ಒಪ್ಪಿಕೊಂಡ ಜನಕ್ಕೆ ಇಬ್ಬರು ಆರ್ಯವರ್ಧನರು ಭಾರವಾಗುತ್ತಿರಲಿಲ್ಲ.

'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯ ಸ್ನೇಹಾಳ ಸಾವು ನನಗೆ ಇನ್ನೂ ಹೆಚ್ಚು ನೋವು ಕೊಟ್ಟಿತು. ಪುಟ್ಟಕ್ಕನ ಮೂವರು ಮಕ್ಕಳಲ್ಲಿ ನಡುವಿನವಳು ಅವಳು. ತಾಯಿಗಾದ ಅನ್ಯಾಯವನ್ನು ನೋಡುತ್ತಾ ಬೆಳೆದವಳು, ಓದಿಯೇ ಉತ್ತರ ಕೊಡುತ್ತೇನೆಂದು ಹಟ ಹಿಡಿದವಳು, ಹಾಗೆಯೇ ಅಧಿಕಾರಿಯಾದವಳು. ಆ ಪಾತ್ರ ಮಾಡುತ್ತಿದ್ದ ಸಂಜನಾ ಬುರ್ಲಿ 2024ರಲ್ಲಿ ಧಾರಾವಾಹಿ ಬಿಟ್ಟರು. ನಟಿ ಹೋದರೆಂದು ಸ್ನೇಹಾಳನ್ನೇ ಸಾಯಿಸಿ, ಅವಳ ಹೃದಯವನ್ನು ಸ್ನೇಹಾ ಎಂಬ ಹೆಸರಿನ ಇನ್ನೊಬ್ಬ ಹುಡುಗಿಗೆ ಹಾಕಿಸಿದರು. ಅಂಗಾಂಗ ದಾನದ ವಿಷಯ ಬಂದದ್ದು ಒಳ್ಳೆಯದೇ. ಆದರೆ ನಮ್ಮೂರಿನ ಹೆಣ್ಣುಮಕ್ಕಳಿಗೆ ಸ್ನೇಹಾ ಏನಾಗಿದ್ದಳು ಎಂದು ಬರೆದವರು ಒಮ್ಮೆ ಯೋಚಿಸಬೇಕಿತ್ತು. "ಸ್ನೇಹಾ ಥರ ಓದು" ಎಂದು ಇಲ್ಲಿ ತಾಯಂದಿರು ಮಕ್ಕಳಿಗೆ ಹೇಳುತ್ತಿದ್ದರು. ಹೇಳಿಸಿಕೊಂಡ ಹುಡುಗಿಯರು ಪಕ್ಕದಲ್ಲೇ ಕೂತು ಆ ಸಾವನ್ನು ನೋಡಿದರು. ಇನ್ನೊಬ್ಬ ನಟಿಯನ್ನು ತಂದು ಸ್ನೇಹಾಳನ್ನು ಬದುಕಿಸಿಕೊಳ್ಳುವ ದಾರಿ ಇತ್ತು. ಅದೇ ಸರಿಯಾದ ದಾರಿಯಾಗಿತ್ತು ಎಂದು ನನ್ನ ಗಟ್ಟಿ ನಂಬಿಕೆ.

ಖಳರ ವಿಷಯಕ್ಕೆ ಬರೋಣ. ನಮ್ಮ ಹಳ್ಳಿಯ ನಾಟಕಗಳಲ್ಲಿ ಶಕುನಿಗೆ ಬೀಳುವ ಚಪ್ಪಾಳೆ ಒಮ್ಮೊಮ್ಮೆ ಅರ್ಜುನನಿಗೂ ಬೀಳುವುದಿಲ್ಲ. ಕಾರಣ, ಶಕುನಿಗೆ ಒಂದು ಹಳೆಯ ಉರಿ ಇದೆ. ಅವನ ತಂದೆ ಮತ್ತು ಅಣ್ಣತಮ್ಮಂದಿರನ್ನು ಕೌರವರು ಸೆರೆಯಲ್ಲಿಟ್ಟು ಸಾಯಿಸಿದರು, ಅವರ ಮೂಳೆಯಿಂದ ಅವನು ದಾಳ ಮಾಡಿಕೊಂಡ ಎಂಬ ಕಥೆ ನಮ್ಮ ಜನರ ಬಾಯಲ್ಲಿದೆ. ದಾಳ ಉರುಳಿಸುವ ಪ್ರತಿ ಸಲವೂ ಆ ಸೇಡು ನಮಗೆ ಕಾಣುತ್ತದೆ. ಅವನ ಕೆಲಸವನ್ನು ಒಪ್ಪುವುದಿಲ್ಲ, ಅವನ ಸಂಕಟ ಮಾತ್ರ ಅರ್ಥವಾಗುತ್ತದೆ. ಧಾರಾವಾಹಿಯ ಅತ್ತೆ, ನಾದಿನಿ, ಮಲತಾಯಿಯರಿಗೆ ಇಂಥ ಒಂದು ಕಾರಣ ಕೊಡಲು ಬರಹಗಾರರು ಯಾಕೆ ಹಿಂಜರಿಯುತ್ತಾರೋ ತಿಳಿಯದು. ರೇಷ್ಮೆ ಸೀರೆ ಉಟ್ಟು, ಬಾಗಿಲ ಮರೆಯಲ್ಲಿ ನಿಂತು, ಹಾಲಿಗೆ ಏನೋ ಬೆರೆಸುವ ಹೆಂಗಸು ಯಾಕೆ ಹಾಗಾದಳು? ಅವಳು ಸೊಸೆಯಾಗಿ ಬಂದಾಗ ಆ ಮನೆ ಅವಳನ್ನು ಹೇಗೆ ನಡೆಸಿಕೊಂಡಿತ್ತು? ಯಾವ ಭಯ ಅವಳನ್ನು ಹೀಗೆ ಮಾಡಿಸುತ್ತಿದೆ? ಇದನ್ನು ತೋರಿಸಿದರೆ ಅವಳ ಕೇಡು ಕಡಿಮೆಯಾಗುವುದಿಲ್ಲ. ಅವಳನ್ನು ಕಂಡು ನಾವು ನಮ್ಮ ನಮ್ಮ ಮನೆಯ ಬಗ್ಗೆ ಯೋಚಿಸುತ್ತೇವೆ.

ಈಚಿನ ಧಾರಾವಾಹಿಗಳಲ್ಲಿ ಹೀಗೆ ಯೋಚನೆಗೆ ಹಚ್ಚುವ ಕೆಲಸವನ್ನು ಚೆನ್ನಾಗಿ ಶುರುಮಾಡಿದ್ದು 2024ರಲ್ಲಿ ಬಂದ 'ಲಕ್ಷ್ಮೀ ನಿವಾಸ'. ಅದರ ಜಯಂತ್ ಹೆಂಡತಿ ಜಾಹ್ನವಿಯನ್ನು ಹೊಡೆಯುವವನಲ್ಲ, ಬೈಯುವವನಲ್ಲ. ಪ್ರೀತಿಯ ಹೆಸರಿನಲ್ಲಿ ಅವಳನ್ನು ಮನೆಯೊಳಗೆ ಕೂಡಿಹಾಕುತ್ತಾನೆ. ಅವಳು ಯಾರ ಜೊತೆ ನಗಬೇಕು, ಯಾರ ಜೊತೆ ಮಾತಾಡಬೇಕು ಎಂಬುದನ್ನೂ ಅವನೇ ತೀರ್ಮಾನಿಸುತ್ತಾನೆ. ಅದನ್ನು ನೋಡುತ್ತಾ ನಮ್ಮ ಬೀದಿಯ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು "ಇದೂ ಹಿಂಸೇನೇ ಅಲ್ವಾ ಆಂಟಿ?" ಎಂದು ಕೇಳಿದಳು. ಆ ಒಂದು ಪ್ರಶ್ನೆ ಹುಟ್ಟಿಸಿದ್ದಕ್ಕೆ ಆ ಪಾತ್ರವನ್ನು ಬರೆದವರಿಗೆ ನಾನು ನಮಸ್ಕಾರ ಹೇಳುತ್ತೇನೆ. ಮುಂದೆ ಕಥೆ ಜಾಹ್ನವಿ ಸಮುದ್ರಕ್ಕೆ ಹಾರಿ, ಬದುಕಿ, ಅಡಗಿಕೊಳ್ಳುವ ದಾರಿಗೆ ತಿರುಗಿತು. ಮನೆಯೊಳಗೇ ಇದ್ದು, ಅಪ್ಪ ಅಮ್ಮನಿಗೆ ಬಾಯಿಬಿಟ್ಟು ಹೇಳಿ, ಅವರು ನಂಬದೆ ಹೋಗಿ, ಕೊನೆಗೆ ಅವಳೇ ಹೊಸಿಲು ದಾಟುವ ಕಥೆ ಇನ್ನೂ ಗಟ್ಟಿಯಾಗಿರುತ್ತಿತ್ತು. ಯಾಕೆಂದರೆ ಆ ಕಷ್ಟದಲ್ಲಿರುವ ಹೆಣ್ಣುಮಕ್ಕಳಿಗೆ ದಾಟಬೇಕಾದ ಹೊಸಿಲು ಮನೆಯಲ್ಲೇ ಇದೆ.

ಹೆಣ್ಣು ದುಡಿಯುವುದನ್ನು ತೋರಿಸುವ ಧಾರಾವಾಹಿ ನನಗೆ ಬಹಳ ಹತ್ತಿರ. ಪುಟ್ಟಕ್ಕ ಮೆಸ್ ನಡೆಸುತ್ತಾಳೆ. ಉಮಾಶ್ರೀ ಆ ಪಾತ್ರದಲ್ಲಿ ಸೆರಗು ಸಿಕ್ಕಿಸಿಕೊಳ್ಳುವ ರೀತಿ, ಬಡಿಸುವಾಗ ಮುಂದೆ ಬಾಗುವ ರೀತಿ, ಊಟಕ್ಕೆ ಕೂತವನ ಮುಖ ನೋಡಿಯೇ ಇನ್ನಷ್ಟು ಬೇಕೆಂದು ತಿಳಿಯುವ ರೀತಿ ನಿಜವಾದ ಅಡುಗೆಯವಳದ್ದು. ರಂಗಭೂಮಿಯಿಂದ ಬಂದು, 'ಗುಲಾಬಿ ಟಾಕೀಸ್' ಚಿತ್ರಕ್ಕೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಪಡೆದ ಕಲಾವಿದೆ ಅವರು. ಆ ಚಿತ್ರದಲ್ಲಿ ಅವರು ಮಾಡಿದ ಗುಲಾಬಿಯ ಮನೆಗೆ ಟೀವಿ ಬಂದ ಮೇಲೆ ಕರಾವಳಿಯ ಆ ಊರಿನ ಹೆಂಗಸರೆಲ್ಲ ಅಲ್ಲಿ ಬಂದು ಸೇರುತ್ತಾರೆ. ಟೀವಿ ಮುಂದೆ ಕೂತ ಹೆಣ್ಣುಮಕ್ಕಳ ಮನಸ್ಸನ್ನು ಪಾತ್ರವಾಗಿ ಬಲ್ಲ ನಟಿ, ನಿತ್ಯ ಸಂಜೆ ಆ ಹೆಣ್ಣುಮಕ್ಕಳ ಎದುರಿಗೇ ಬಂದು ನಿಂತದ್ದು ಕನ್ನಡ ಟೀವಿಯ ಭಾಗ್ಯ.

ಕಲರ್ಸ್ ಕನ್ನಡದ 'ಭಾಗ್ಯಲಕ್ಷ್ಮೀ' 2022ರಲ್ಲಿ ಶುರುವಾಯಿತು. ಅದರ ಭಾಗ್ಯ ಓದು ಅರ್ಧಕ್ಕೆ ನಿಂತ ಗೃಹಿಣಿ, ಗಂಡನಿಗೆ ಅದೇ ತಾತ್ಸಾರ. ಬೆಳೆದ ಮಗಳಿರುವ ತಾಯಿ ಮತ್ತೆ ಯೂನಿಫಾರ್ಮ್ ತೊಟ್ಟು ಹತ್ತನೇ ತರಗತಿಗೆ ಹೋಗಿ ಕೂರುತ್ತಾಳೆ. ಹಿಂದೆ ಈಟೀವಿ ಕನ್ನಡದ 'ಗುಪ್ತಗಾಮಿನಿ' ಧಾರಾವಾಹಿಯಲ್ಲಿ ನಾವು ಮೆಚ್ಚಿದ್ದ ಸುಷ್ಮಾ ಕೆ. ರಾವ್ ಆ ಸಂಕೋಚವನ್ನೂ ಆ ಆಸೆಯನ್ನೂ ಒಟ್ಟಿಗೇ ಮುಖದಲ್ಲಿ ತಂದರು. ನಮ್ಮ ಸುತ್ತ ಎಂಟಕ್ಕೋ ಒಂಬತ್ತಕ್ಕೋ ಶಾಲೆ ಬಿಡಿಸಿಕೊಂಡು ಮದುವೆಯಾದ ಹೆಂಗಸರು ಎಷ್ಟೋ ಜನ. ಅವರು ಭಾಗ್ಯಳ ಪರೀಕ್ಷೆಯ ಸಂಚಿಕೆಗಳನ್ನು ನೋಡಿದಷ್ಟು ಶ್ರದ್ಧೆಯಿಂದ ಮಕ್ಕಳ ಪರೀಕ್ಷೆಯನ್ನೂ ನೋಡಿರಲಾರರು. ಅದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಅತ್ತೆ ಕುಸುಮ. ಪದ್ಮಜಾ ರಾವ್ ಮಾಡಿದ ಆ ಪಾತ್ರ ಮೊದಲಿಗೆ ಬಿಗುವಿನ ಅತ್ತೆಯದ್ದೇ. ಮಗ ತಪ್ಪು ದಾರಿ ಹಿಡಿದದ್ದು ಗೊತ್ತಾದ ಮೇಲೆ ಅವಳು ಸೊಸೆಯ ಪರವಾಗಿ ನಿಲ್ಲುತ್ತಾಳೆ. ಈ ಬದಲಾವಣೆ ನಮಗೆ ಹೊಂದುತ್ತದೆ, ಯಾಕೆಂದರೆ ಕುಸುಮಾಳ ಬಿಗುವು ಮೊದಲಿನಿಂದಲೂ ನ್ಯಾಯದ ಬಿಗುವಾಗಿತ್ತು. ಅವಳು ಬದಲಾದರೂ ಅವಳ ಸ್ವಭಾವ ಬದಲಾಗಲಿಲ್ಲ. ಪಾತ್ರ ಬೆಳೆಯುವುದು ಹೀಗೆ.

ಇದೇ ಗುಣವನ್ನು 2023ರ 'ಅಮೃತಧಾರೆ'ಯಲ್ಲಿ ಕಂಡೆ. ಹಿಂದಿಯ 'ಬಡೇ ಅಚ್ಛೇ ಲಗ್ತೇ ಹೈ' ಅದರ ಮೂಲ. ಮದುವೆಯ ವಯಸ್ಸು ಮೀರಿತೆಂದು ಜನ ಆಡಿಕೊಳ್ಳುವ ಗೌತಮ್ ಮತ್ತು ಭೂಮಿಕಾ ತಮ್ಮ, ತಂಗಿಯರ ಸಲುವಾಗಿ ಮದುವೆಯಾಗುತ್ತಾರೆ. ಪ್ರೀತಿ ಆಮೇಲೆ ನಿಧಾನಕ್ಕೆ ಬರುತ್ತದೆ. ರಾಜೇಶ್ ನಟರಂಗ ಮತ್ತು ಛಾಯಾ ಸಿಂಗ್ ಆ ನಿಧಾನವನ್ನು ಹಾಳುಮಾಡಲಿಲ್ಲ. ಒಬ್ಬರು ಕಾಫಿ ಲೋಟ ಮುಂದಿಡುತ್ತಾರೆ, ಇನ್ನೊಬ್ಬರು ಥ್ಯಾಂಕ್ಸ್ ಅನ್ನಲು ಬಾಯಿ ತೆರೆದು ಸುಮ್ಮನಾಗುತ್ತಾರೆ. ಇಷ್ಟರಲ್ಲಿ ಒಂದು ದೃಶ್ಯ ಮುಗಿಯುತ್ತದೆ. ನಮ್ಮ ಕಡೆ ಗಂಡಹೆಂಡಿರು ಪ್ರೀತಿಯನ್ನು ಬಾಯಲ್ಲಿ ಆಡುವುದು ಕಡಿಮೆ. "ಉಂಡ್ಯಾ?" ಅನ್ನುವುದರಲ್ಲೇ ಎಲ್ಲವನ್ನೂ ಹೇಳಿಕೊಳ್ಳುವ ಜನಕ್ಕೆ ಆ ಮೌನ ತಮ್ಮದೇ ಅನ್ನಿಸಿತು. ಆ ಮನೆಯ ಮಲತಾಯಿಯ ಸಂಚುಗಳಿಗಿಂತ ಈ ಇಬ್ಬರ ಮಾತಿಲ್ಲದ ದೃಶ್ಯಗಳನ್ನೇ ಊರಲ್ಲಿ ಮತ್ತೆ ಮತ್ತೆ ನೆನೆಸಿಕೊಳ್ಳುತ್ತಾರೆ.

ಹಾಗಾದರೆ ಒಳ್ಳೆಯ ಪಾತ್ರಗಳೇ ಯಾಕೆ ಕೊನೆಗೆ ಕೆಡುತ್ತವೆ? ಕಾರಣ ಕಥೆಯ ಉದ್ದ. ಆಯ್ದ ಕೆಲವು ಮನೆಗಳಲ್ಲಿ ಮೀಟರ್ ಇಟ್ಟು, ಯಾವುದನ್ನು ಎಷ್ಟು ಜನ ನೋಡಿದರೆಂದು ಬಾರ್ಕ್ ಸಂಸ್ಥೆ ವಾರವಾರವೂ ಲೆಕ್ಕ ಕೊಡುತ್ತದೆ. ಆ ಟಿಆರ್‌ಪಿ ಮೇಲೆ ಜಾಹೀರಾತಿನ ದರ ನಿಂತಿದೆ. ಅಂಕಿ ಚೆನ್ನಾಗಿದ್ದರೆ ಮುಗಿಯಬೇಕಾದ ಕಥೆಯನ್ನೂ ಮುಗಿಸುವುದಿಲ್ಲ, ಅಂಕಿ ಇಳಿದರೆ ತಿರುವು ತುರುಕುತ್ತಾರೆ. ದಿನವೂ ಒಂದು ಸಂಚಿಕೆ ಪ್ರಸಾರವಾಗಬೇಕು. ಬರೆಯುವವರಿಗೆ ಉಸಿರಾಡಲು ಬಿಡುವಿಲ್ಲ. ಕಲಾವಿದರೂ ತಂತ್ರಜ್ಞರೂ ಹಗಲು ರಾತ್ರಿ ದುಡಿಯುತ್ತಾರೆ. ಅವರ ಶ್ರಮದ ಮೇಲೆ ನನಗೆ ಗೌರವವಿದೆ. ನನ್ನ ತಕರಾರು ಆ ಲೆಕ್ಕದ ಮೇಲೆ. 2013ರ ಕೊನೆಗೆ ಶುರುವಾದ 'ಅಗ್ನಿಸಾಕ್ಷಿ' 2020ರ ಆರಂಭದವರೆಗೆ ನಡೆಯಿತು. ಬಾಲ್ಯವಿವಾಹದಂಥ ಗಂಭೀರ ಪ್ರಶ್ನೆ ಎತ್ತಿಕೊಂಡು ಹೊರಟ 'ಪುಟ್ಟಗೌರಿ ಮದುವೆ' ಕೊನೆಕೊನೆಗೆ ಗೌರಿಯನ್ನು ಬೆಟ್ಟದಿಂದ ಬೀಳಿಸಿ ಕಾಡಿನಲ್ಲಿ ಅಲೆಸಿತು. 'ಸೀತಾರಾಮ' ಧಾರಾವಾಹಿಯಲ್ಲಿ 'ಸಿಹಿ' ಎಂಬ ಪುಟ್ಟ ಹುಡುಗಿಯೇ ಮನೆಯ ಬೆಳಕಾಗಿದ್ದಳು. ಆ ಮಗುವನ್ನು ಸಾಯಿಸಿ, ಆತ್ಮವಾಗಿ ತಂದು, ಅವಳಿ ಹುಡುಗಿ ಸುಬ್ಬಿಯನ್ನು ಕರೆತಂದರು. ಮಕ್ಕಳ ಜೊತೆ ಕೂತು ನೋಡುತ್ತಿದ್ದ ಮನೆಗಳಲ್ಲಿ ಅವತ್ತು ಟೀವಿ ಆರಿಸಿದರು. ಮಗುವಿನ ಸಾವನ್ನು ಅಂಕಿಗಾಗಿ ತರಬಾರದು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಇದಕ್ಕಿಂತ ಬೇರೆ ಥರ ಕನ್ನಡದಲ್ಲಿ ಆಗಿಲ್ಲವೇ? ಆಗಿದೆ. ಸದಾನಂದ ಸುವರ್ಣರು ದೂರದರ್ಶನಕ್ಕೆ ಮಾಡಿದ 'ಗುಡ್ಡದ ಭೂತ' ಹದಿಮೂರೇ ಸಂಚಿಕೆ. ಮೂವತ್ತು ವರ್ಷ ದಾಟಿದರೂ ಅದನ್ನು ನೋಡಿದವರು ಮರೆತಿಲ್ಲ, ಪ್ರಕಾಶ್ ರೈ ಅವರನ್ನು ಅದರಲ್ಲಿ ಮೊದಲು ಕಂಡೆವೆಂದು ಇವತ್ತಿಗೂ ಹೇಳುತ್ತಾರೆ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಹಿಂದಿ, ಇಂಗ್ಲಿಷಿನಲ್ಲಿ ದೇಶವೆಲ್ಲ ನೋಡಿದ ಮೇಲೆ 2020ರಲ್ಲಿ ಕನ್ನಡಕ್ಕೆ ಡಬ್ ಆಗಿ ಬಂತು. ಮಾಸ್ಟರ್ ಮಂಜುನಾಥನ ಸ್ವಾಮಿ ಈಗಿನ ಮಕ್ಕಳಿಗೂ ಗೆಳೆಯನಾದ.

ದಿನವೂ ಬರುವ ಧಾರಾವಾಹಿಯಲ್ಲೂ ಘನತೆ ಸಾಧ್ಯ ಎಂದು ತೋರಿಸಿದ್ದು 'ಮಾಯಾಮೃಗ'. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ ಅದು 1998ರಲ್ಲಿ ದೂರದರ್ಶನದ ಕನ್ನಡ ವಾಹಿನಿಯಲ್ಲಿ ಬಂತು. ಇಳಿಹೊತ್ತಿಗೆ ಮನೆಮಂದಿ ಕೆಲಸ ನಿಲ್ಲಿಸಿ ಬಂದು ಕೂರುತ್ತಿದ್ದರು. ಸಾಲ, ಕೆಲಸ, ಮದುವೆ, ಮಾನ ಮರ್ಯಾದೆಗಳ ನಡುವೆ ಸಿಕ್ಕಿಕೊಂಡ ಮಧ್ಯಮ ವರ್ಗದವರ ಕಥೆ. ಅದರಲ್ಲಿ ಎರಡು ಪಾತ್ರ ಎದುರಾದರೆ ಇಬ್ಬರ ಮಾತೂ ಸರಿ ಅನ್ನಿಸುತ್ತಿತ್ತು. ಯಾರ ಪಕ್ಷ ವಹಿಸುವುದೆಂದು ನಮ್ಮ ಮನೆಯೊಳಗೇ ವಾದ ನಡೆಯುತ್ತಿತ್ತು. ಮುಂದೆ 'ಮನ್ವಂತರ', 'ಮುಕ್ತ', 'ಮುಕ್ತ ಮುಕ್ತ'ಗಳಲ್ಲಿ ಸೀತಾರಾಮ್ ಆ ವಾದವನ್ನು ಕೋರ್ಟಿಗೇ ಕೊಂಡೊಯ್ದರು. ವಕೀಲ ಸಿಎಸ್‌ಪಿ ಆಗಿ ಅವರೇ ನಿಂತು ವಾದಿಸುವಾಗ ಹೊಡೆದಾಟವಿಲ್ಲ, ಗುಡುಗು ಮಿಂಚಿನ ಸದ್ದಿಲ್ಲ, ಒಬ್ಬ ಸಾಕ್ಷಿ, ಒಂದು ಪ್ರಶ್ನೆ, ಒಂದು ಉತ್ತರ. ಆ ಒಂದು ಉತ್ತರಕ್ಕೆ ರಾಜ್ಯವೇ ಕಾದು ಕೂರುತ್ತಿತ್ತು. ಅವರ 'ಮಗಳು ಜಾನಕಿ' 2020ರ ಲಾಕ್‌ಡೌನ್ ಕಾಲದಲ್ಲಿ ಅರ್ಧಕ್ಕೆ ನಿಂತದ್ದನ್ನು ನಾನು ಇವತ್ತಿಗೂ ನಷ್ಟವೆಂದೇ ಎಣಿಸುತ್ತೇನೆ.

ವೈಶಾಲಿ ಕಾಸರವಳ್ಳಿ 'ಮೂಡಲಮನೆ'ಯಲ್ಲಿ ಉತ್ತರ ಕರ್ನಾಟಕದ ಮಾತನ್ನು ಅದರ ಗತ್ತಿನಲ್ಲೇ ತಂದದ್ದನ್ನೂ ಇಲ್ಲಿ ನೆನೆಯಬೇಕು. ಆ ಭಾಷೆ ನಮ್ಮದಲ್ಲ, ಆದರೂ ಒಂದು ಮಾತೂ ಬಿಡದೆ ಕೇಳಿದೆವು. ಈಗ ಹಳ್ಳಿಯ ಪಾತ್ರ ಬಂದರೆ ಎಲ್ಲ ಸೀಮೆಯವರಿಗೂ ಒಂದೇ ಧಾಟಿಯ ಮಾತು ಹಚ್ಚುತ್ತಾರೆ. ಹೊಸಕೋಟೆಯವರು ಮಂಡ್ಯದವರ ಹಾಗೆ ಮಾತಾಡುವುದಿಲ್ಲ, ಹಾಸನದವರು ತುಮಕೂರಿನವರ ಹಾಗೆ ಮಾತಾಡುವುದಿಲ್ಲ. ಬರೆಯುವವರು ಒಂದು ದಿನ ಯಾವುದಾದರೂ ಡೇರಿಯ ಮುಂದೆ ನಿಂತು ಕೇಳಿಸಿಕೊಂಡರೂ ಸಾಕು, ಪಾತ್ರಕ್ಕೆ ಅದರದೇ ನಾಲಿಗೆ ಸಿಗುತ್ತದೆ.

ಒಂದು ಪಾತ್ರವನ್ನು ಜನ ಎಷ್ಟು ಎತ್ತರಕ್ಕೆ ಕೊಂಡೊಯ್ಯಬಲ್ಲರು ಎಂಬುದನ್ನು 2020ರಲ್ಲಿ ಕಂಡೆವು. ಕನ್ನಡ ಟೀವಿಯಲ್ಲಿ ಡಬ್ಬಿಂಗ್‌ಗೆ ದಶಕಗಳಿಂದ ಇದ್ದ ವಿರೋಧ ಆ ಲಾಕ್‌ಡೌನ್ ಕಾಲದಲ್ಲಿ ಸಡಿಲವಾಯಿತು. ಜುಲೈನಲ್ಲಿ ಅಂಬೇಡ್ಕರರ ಬದುಕಿನ 'ಮಹಾನಾಯಕ' ಹಿಂದಿಯಿಂದ ಡಬ್ ಆಗಿ ಜೀ ಕನ್ನಡಕ್ಕೆ ಬಂತು. ಪ್ರಸಾರ ನಿಲ್ಲಿಸಬೇಕೆಂದು ವಾಹಿನಿಯ ಮುಖ್ಯಸ್ಥರಿಗೆ ಬೆದರಿಕೆ ಕರೆಗಳು ಬಂದವು, ಪ್ರಸಾರ ನಿಲ್ಲಲಿಲ್ಲ. ರಾಜ್ಯದ ಹಳ್ಳಿ ಹಳ್ಳಿಗಳಲ್ಲಿ ಯುವಕರು ತಾವೇ ಹಣ ಹಾಕಿ ಆ ಧಾರಾವಾಹಿಗೆ ಫ್ಲೆಕ್ಸ್ ಕಟ್ಟಿದರು. ಸಿನಿಮಾ ನಟರಿಗೆ, ರಾಜಕಾರಣಿಗಳಿಗೆ ಕಟ್ಟುವ ಫ್ಲೆಕ್ಸ್ ಒಂದು ಧಾರಾವಾಹಿಗೆ ಕಟ್ಟಿದ್ದನ್ನು ಕನ್ನಡ ನಾಡು ಅಲ್ಲಿಯವರೆಗೆ ಕಂಡಿರಲಿಲ್ಲ. ಅಲ್ಲೂ ಕಥೆ ಎಲ್ಲರಿಗೂ ಗೊತ್ತು. ಆ ಹುಡುಗ ಭೀಮರಾವ್ ಶಾಲೆಯ ಹೊರಗೆ ಕೂರುತ್ತಾನೆ, ನೀರು ಮುಟ್ಟಬಾರದೆಂದು ತಡೆಯುತ್ತಾರೆ, ಅವನು ಓದು ಬಿಡುವುದಿಲ್ಲ, ಮುಂದೆ ದೇಶಕ್ಕೆ ಸಂವಿಧಾನ ಬರೆಯುತ್ತಾನೆ. ಗೊತ್ತಿದ್ದ ಆ ಕಥೆಯನ್ನು ಜನ ಕಣ್ಣೊರೆಸಿಕೊಂಡು ನೋಡಿದರು. ಪಾತ್ರದಲ್ಲಿ ಸತ್ಯವಿದ್ದರೆ ತಿರುವು ಬೇಕಿಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಧಾರಾವಾಹಿ ಬರೆಯುವ ನಿಮ್ಮಲ್ಲಿ ಒಬ್ಬ ಅಭಿಮಾನಿಯಾಗಿ ನಾನು ಕೇಳುವುದು ಇಷ್ಟೇ. ನಟ ಬಿಟ್ಟುಹೋದರೆ ಇನ್ನೊಬ್ಬರನ್ನು ಕರೆತನ್ನಿ, ಪಾತ್ರವನ್ನು ಕೊಲ್ಲಬೇಡಿ. ಕೆಟ್ಟವರಿಗೆ ಒಂದು ಕಾರಣ ಕೊಡಿ. ಹೆಣ್ಣುಮಕ್ಕಳಿಗೆ ಒಂದು ಕೆಲಸ ಕೊಡಿ. ಕಥೆ ಮುಗಿದ ದಿನ ಧೈರ್ಯವಾಗಿ ಮುಗಿಸಿ, ನಿಮ್ಮ ಹೊಸ ಕಥೆಗೆ ನಾವು ಮತ್ತೆ ಬಂದು ಕೂರುತ್ತೇವೆ. ಮೂರು ವರ್ಷದ ಹಿಂದೆ ನಿಮ್ಮ ನಾಯಕಿ ಆಡಿದ ಮಾತು ನಿಮಗೆ ಮರೆತಿರಬಹುದು, ಕೈಯಲ್ಲಿ ಅವರೆಕಾಯಿ ಸುಲಿಯುತ್ತಾ ಕೇಳಿದ ನಮಗೆ ಮರೆತಿಲ್ಲ. ನಮ್ಮ ನೆನಪನ್ನು ನಂಬಿ ಬರೆಯಿರಿ.